ಅಂಚು

ಪುಟದ ಸುತ್ತ ಕೆಂಪು-ಹಳದಿ ಅಂಚು ಎಳೆದಿದ್ದೆ,
ಎಲ್ಲೋ ಸಿಕ್ಕಿದ್ದು, ಚೆಂದವಿತ್ತು.
ರಿಸ್ತೆನ್ ಕನ್ನಡಕ ಹಣೆಗೇರಿಸಿ
ಪರದೆಗೆ ಮೂಗು ತಾಗಿಸಿದಳು:
"ನಮ್ಮತ್ತಿಗೆಯ ಅಂಗಿಯದು.
ತೊಟ್ಟುಕೊಂಡೇ ಮಣ್ಣಾದಳು."

ಬೈಯಲಿಲ್ಲ.
ಕಾಫಿಗೆ ಗಿಣ್ಣಿನ ತುಂಡು ಹಾಕಿ ಮುಂದಿಟ್ಟಳು.

"ಎಷ್ಟು ಹಿಮಸಾರಂಗ?" ಎಂಬ ಖಾನೆ ಕಂಡು
ಮೊಮ್ಮಗ ನೀಲಾಸ್ ನಕ್ಕ:
"ಮೊದಲು ನಿನ್ನ ಬ್ಯಾಂಕಿನಲ್ಲೆಷ್ಟಿದೆ, ಹೇಳು."
ಖಾನೆ ಅಳಿಸಿದೆ.

ಅಂಚಿನ ಮೇಲೆ ಬೆರಳಿಟ್ಟೆ.
"ತಡಿ" ಎಂದಳು,
"ಇಡಲೋ ತೆಗೆಯಲೋ, ಅವಳ ಮಗಳು ಹೇಳಬೇಕು.
ಹಿಂಡಿನ ಹಿಂದೆ ಕಡಲ ಕಡೆ ಹೋಗಿದ್ದಾಳೆ,
ಫೋನು ಸಿಗದು."

ಕೌಟೊಕೇನೊದ ಆ ಅಡುಗೆಮನೆಯಿಂದಲೇ
ಓಸ್ಲೋಗೆ ಬರೆದೆ:
ಕೆಲಸ ಮುಗಿದಿದೆ, ಅಂಚೊಂದು ಬಾಕಿ.
ಮೊದಲ ಹಿಮಕ್ಕೆ
ನಡೆದು ಬರುತ್ತದೆ.