ಉಪ್ಪಿನಕಾಯಿ ಜಾಡಿ

ಗಲ್ಲಾಪೆಟ್ಟಿಗೆ ಪಕ್ಕ, ಲಾಟರಿ ಚೀಟಿಯ ಸುರುಳಿಗೂ
ಲೈಟರುಗಳ ಡಬ್ಬಿಗೂ ನಡುವೆ
ಹದಿನಾರು ವರ್ಷ ಕೂತಿತ್ತು ಇದು.
ಬಂದಾಗ ಹೊಟ್ಟೆ ತುಂಬ ಸೌತೆಕಾಯಿ, ಸಬ್ಬಸಿಗೆ.
ತಗಡಿನ ಮುಚ್ಚಳಕ್ಕೆ ನಾನೇ ಸೀಳಿದೆ ಒಂದು ಬಾಯಿ,
ಮಡಿಸಿದ ಡಾಲರು ನುಗ್ಗುವಷ್ಟು.

ಯಾರಾದರೂ ಹಾಸಿಗೆ ಹಿಡಿದರೆ
ಮನೆಯವರು ಫೋಟೋ ತರುತ್ತಿದ್ದರು,
ಆದಷ್ಟೂ ನಗುತ್ತಿದ್ದದ್ದು.
ಹಳೆಯದರ ಮೇಲೆ ಹೊಸದಿಟ್ಟು
ಅಗಲ ಟೇಪು ಎಳೆದು ಅಂಟಿಸುತ್ತಿದ್ದೆ.
ಕೀಳಲು ಕೈ ಬರುತ್ತಿರಲಿಲ್ಲ.

ಮೇಯ್ನಿನ ಈ ತುದಿಯಲ್ಲಿ ಬದುಕೇ ಹಾಗೆ:
ಕಡಲಿಳಿದಾಗ ಕೆಸರಲ್ಲಿ ಕಪ್ಪೆಚಿಪ್ಪು ತೋಡುವುದು,
ಆಗಸ್ಟಿನಲ್ಲಿ ಬ್ಲೂಬೆರ್ರಿ ಬಾಚುವುದು,
ನವೆಂಬರಿನಲ್ಲಿ ಕ್ರಿಸ್‌ಮಸ್ ಮಾಲೆಗೆ ಟೊಂಗೆ ಮುರಿಯುವುದು.
ಮೂರು ಕೆಲಸ, ಎರಡು ಕೈ,
ವಿಮೆ ಕೊಡುವ ಧಣಿ ಒಬ್ಬನೂ ಇಲ್ಲ.
ಸರ್ಕಾರದ ಕಾಗದ ಕೇಳುತ್ತಿತ್ತು: ಮನೆಯಲ್ಲಿ ಮಕ್ಕಳಿದ್ದಾರೆಯೇ?
ಇಲ್ಲವೆಂದರೆ ನೀನು ಅಷ್ಟೊಂದು ಬಡವನಲ್ಲ.

ಹಾಗಾಗಿ ಶನಿವಾರ ಸಂಜೆ ಗ್ರೇಂಜ್ ಹಾಲಿನಲ್ಲಿ ಬೀನ್ಸ್ ಊಟ,
ತಟ್ಟೆಗೆ ಎಂಟು ಡಾಲರು.
ಇಡೀ ಊರು ತಿಂದು ತಿಂದು
ಭಾನುವಾರದ ಪ್ರಾರ್ಥನೆಯಲ್ಲಿ ವಾಯುವಿಗೆ ಹೆದರಿ ಕೂತರೂ
ಅರ್ಲೀನ್ ಡ್ರಿಸ್ಕೊಳ ಒಂದು ರಾತ್ರಿಯ ಆಸ್ಪತ್ರೆಯ
ಅರ್ಧ ಕೂಡ ತೀರಲಿಲ್ಲ.
ಪಿತ್ತದ ಕಲ್ಲು ಒಳಗೇ ಉಳಿಯಿತು.

ಆಮೇಲೆ ಆ ಮತದಾನ.
ಅಗ್ನಿಶಾಮಕ ಗಾಡಿಯನ್ನು ಹೊರಗೆ ನಿಲ್ಲಿಸಿ
ಅದರ ಜಾಗದಲ್ಲಿ ಪರದೆ ಕಟ್ಟಿದ್ದರು.
ಮೆರಿಟ್ ಫಾಸ್ ಬೆಳಿಗ್ಗೆಯೇ ಬಂದು,
"ನಾನು ಬೇಡ ಅಂತಲೇ ಒತ್ತೋದು.
ಬಿಟ್ಟಿ ಕೂಳು ನಮ್ಮಪ್ಪನೂ ತಿಂದವನಲ್ಲ" ಅಂದ.
ಅನ್ನುತ್ತ ಅನ್ನುತ್ತ
ಜಾಡಿಗೆ ಒಂದು ಐದರ ನೋಟು ತುರುಕಿದ.

ಗೆದ್ದೆವು.
ಗೆದ್ದ ಕಾಗದ ರಾಜಧಾನಿಯ ಯಾವುದೋ ಮೇಜಿನ ಮೇಲೆ
ಒಂದು ಚಳಿಗಾಲ ಕೂತಿತು. ಒಂದು ಬೇಸಿಗೆ.
ಇನ್ನೊಂದು ಚಳಿಗಾಲದ ಬಾಗಿಲವರೆಗೆ.

ಜಾಡಿಗೆ ಕೊನೆಯ ಮುಖ ಬಂದದ್ದು ಆ ನಡುವೆ,
ಲೂಸಿಯನ್ ಪೆಲ್ಕಿ.
ಇನ್ಸುಲಿನ್ನನ್ನು ಅರ್ಧರ್ಧ ಚುಚ್ಚಿಕೊಂಡು
ಒಂದು ಬಾಟಲಿಯನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದ,
ಹೆಂಡತಿಗೂ ಹೇಳದೆ.
ನಾನೂರ ಹನ್ನೊಂದು ಡಾಲರು ಕೂಡಿತ್ತು.
ಹೂವಿಗೆ ಹೋಯಿತು.

ಜನವರಿಯಲ್ಲಿ ಕಾರ್ಡುಗಳು ಬಂದವು,
ಅಂಚೆಯ ವ್ಯಾನಿನಲ್ಲಿ, ಜಾಹೀರಾತು ಕಾಗದಗಳ ನಡುವೆ.
ಅರ್ಲೀನ್ ಕಲ್ಲು ತೆಗೆಸಿಕೊಂಡಳು.
ಬಂದ ಕಾಗದದ ಕೊನೆಯ ಸಾಲಲ್ಲಿ ಸೊನ್ನೆ.
ಅದನ್ನು ಅಂಗಡಿಗೇ ತಂದು
ನನ್ನ ಕನ್ನಡಕದಲ್ಲೂ ಒಮ್ಮೆ ಓದಿಸಿದಳು,
ಸೊನ್ನೆಯ ಹಿಂದೆ ಏನಾದರೂ ಅಳಿಸಿದ್ದಾರೋ ಎಂದು
ಬೆಳಕಿಗೆ ಹಿಡಿದು ನೋಡಿದೆವು ಇಬ್ಬರೂ.

ಮೆರಿಟ್ ತೋರಿಸಲಿಲ್ಲ.
ಚಿಲ್ಲರೆ ತೆಗೆಯುವಾಗ ಕಂಡಿತು,
ಚಿಪ್ಪು ತೋಡುವ ಪರವಾನಗಿಯ ಹಿಂದೆ ಅದರ ನೀಲಿ ಅಂಚು.
ನಾನು ಕಂಡದ್ದು ಅವನಿಗೂ ಕಂಡಿತು.
"ಮೊಣಕಾಲು" ಎಂದ.
"ಹೂಂ" ಎಂದೆ.
ಹೊರಗೆ ಯಾರೋ ಪೆಟ್ರೋಲು ಹಾಕುತ್ತಿದ್ದರು,
ಇಬ್ಬರೂ ಅದನ್ನೇ ನೋಡಿದೆವು.

ಮಾರ್ಚಿ ಬಂದರೂ ಜಾಡಿಯಲ್ಲಿ ಒಂದು ಗುಂಡಿ, ಎರಡು ಪೆನ್ನಿ.
ಬಿಸಿನೀರಿಗೆ ಹಾಕಿದೆ.
ಲೂಸಿಯನ್ ಮೊದಲು ಬಿಟ್ಟ.
ಅವನಡಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು,
ಅವಳಡಿ ಮತ್ತೊಬ್ಬ, ಮತ್ತೊಬ್ಬಳು,
ಒದ್ದೆ ಗರಿಗಳ ಹಾಗೆ ಒಂದಕ್ಕೊಂದು ಹತ್ತಿಕೊಂಡು.
ಎಲ್ಲಕ್ಕಿಂತ ಅಡಿಯ ಮುಖ ಯಾರದೆಂದು ತಿಳಿಯಲಿಲ್ಲ.
ಒಂದು ಕಾಲರು, ಒಂದು ಹಲ್ಲಿನ ಸಾಲು ಉಳಿದಿತ್ತು.
ಗಲ್ಲಕ್ಕೆ ಕೈ ಒತ್ತಿಕೊಂಡು ಬರುವವರು ಈಗಲೂ ಇದ್ದಾರೆ,
ಆ ಮಾತು ಇನ್ನೊಂದು ದಿನಕ್ಕೆ.

ಅಂಟು ಪೂರ್ತಿ ಹೋಗಲಿಲ್ಲ.
ಒರೆಸಿ ಕಪಾಟಿನ ಮೇಲಿಟ್ಟಿದ್ದೇನೆ, ಎಸೆದಿಲ್ಲ.
ಬರೆದ ಕೈಗೆ ಅಳಿಸುವುದೂ ಗೊತ್ತು;
ಅಷ್ಟನ್ನು ಕಲಿಯುವಷ್ಟು ವಯಸ್ಸಾಗಿದೆ ನನಗೆ.
ಮೂಗು ಹತ್ತಿರ ಹಿಡಿದರೆ ಈಗಲೂ ಸಬ್ಬಸಿಗೆಯ ವಾಸನೆ,
ಅದರ ಅಡಿಯಲ್ಲಿ, ನೋಟುಗಳ ಕೆಸರು.