ಕೈಗಡ

ಸ್ಯಾನ್ ಆಂಟೋನಿಯೊದ ಪಡುವಣ ಕೇರಿಯಲ್ಲಿ
ಟೈರಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡ
ಮುದುಕ ಲಿಬ್ರಾಡೊನ ರಿಪೇರಿ ಅಂಗಡಿ.
ಗೋಡೆ ತುಂಬ ಅಕಾರ್ಡಿಯನ್ನುಗಳು,
ಉಸಿರು ಬಿಡಲು ಅಪ್ಪಣೆಗೆ ಕಾದ ಹಾಗೆ.

ಹಳೆ ಸೀರೆ ಬಿಚ್ಚಿ ಮೇಜಿನ ಮೇಲಿಟ್ಟೆ:
ಗದುಗಿನ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ
ಗ್ಯಾಸ್‌ಬತ್ತಿಯ ಹೊಗೆ ಕುಡಿದ ಅಜ್ಜನ ಹಾರ್ಮೋನಿಯಂ.
"ಓಹೋ, ಮಲಗಿಬಿಟ್ಟ ಅಕಾರ್ಡಿಯನ್," ಅಂದ.

ಸ್ಕ್ರೂ ತಿರುಗಿಸಿ ಒಳಗು ತೆರೆದ. ಸಾಲುಸಾಲು ನಾಲಿಗೆ.
ತನ್ನದೊಂದನ್ನೂ ಬಿಚ್ಚಿ ಪಕ್ಕಕ್ಕಿಟ್ಟ.
ಅವನವು ಉಕ್ಕು, ನನ್ನವು ಹಿತ್ತಾಳೆ.
ಬೀಗರ ಮನೆಯಲ್ಲಿ ಮೂಗು ಹೋಲಿಸುವವರಂತೆ
ಬಗ್ಗಿ ನೋಡಿದೆವು.

ಅವನೆಂದ: ಈ ಡಬ್ಬಿ ಜರ್ಮನ್ನರದು.
ನನ್ನ ಮುತ್ತಜ್ಜ ಅವರ ಹೊಲದಲ್ಲಿ ಹತ್ತಿ ಬಿಡಿಸುತ್ತ
ಮದುವೆ ಕುಣಿತ ಕದ್ದು ಕೇಳಿದ,
ಪೋಲ್ಕಾದ ಹಿಮ್ಮಡಿ ಎತ್ತಿ ತನ್ನ ಹಾಡಿನ ಕಾಲಿಗೆ ಹಚ್ಚಿದ.
ಈಗ ಅದು ನಿಮ್ಮದಲ್ಲ ಅಂದವನ ಹಲ್ಲು ಉದುರುತ್ತದೆ,
ಡಾಕ್ಟರು ಪಕ್ಕದಲ್ಲೇ ಇದ್ದಾನೆ.

(ಪೋಲ್ಕಾ ಅಂದಾಗ ನನಗೆ ನಗು.
ನಮ್ಮ ಕಡೆ ಅದು ಕುಪ್ಪಸ,
ಹಗ್ಗದ ಮೇಲೆ ಒಣಗುವಂಥದು.)

ಅಜ್ಜನೂ ಅಷ್ಟೆ ಅಂದೆ.
ಹುಬ್ಬಳ್ಳಿಯ ಮಿಶನ್ ಚರ್ಚಿನ ಕಿಟಕಿಗೆ ಕಿವಿ ಹಚ್ಚಿ
ಒಂದು ಪ್ರಾರ್ಥನೆಯ ಧಾಟಿ ಜೇಬಿಗಿಳಿಸಿ ತಂದು,
ಭೀಮಪಲಾಸದ ಅಂಗಿ ತೊಡಿಸಿ
ದುರ್ಯೋಧನನ ಪ್ರವೇಶಕ್ಕೆ ನಿಲ್ಲಿಸಿದ್ದ.
ಮುಂದಿನ ಸಾಲಿನಲ್ಲಿದ್ದ ಪಾದ್ರಿಗೆ ಗುರುತು ಸಿಗದೆ
ಒನ್ಸ್ ಮೋರ್ ಅಂದನಂತೆ.
"ಕದ್ದದ್ದಲ್ಲ ತಂಗಿ, ಕೈಗಡ. ತೀರಸಬೇಕು,
ಯಾರಿಗೆ ಅಂತ ತಿಳೀವಲ್ದು."

ಎಲ್ಲಿ ಕೆಟ್ಟಿದೆ ತೋರಿಸು ಅಂದ ಲಿಬ್ರಾಡೊ.
ಮುಚ್ಚಳ ಹೊಂದಿಸಿ ತಿದಿ ಎಳೆದೆ, ನಿಷಾದ ಒತ್ತಿದೆ:
ಕೆಮ್ಮಿ ಕೆಮ್ಮಿ ತಡವಾಗಿ ಏಳುವ ನಿಷಾದ.
ಬಾಗಿಲಲ್ಲಿ ಮೊಮ್ಮಗಳು ಯಾರೆಲಿ,
ಕೊರಳಲ್ಲಿ ಹೆಡ್‌ಫೋನು, ಬಗಲಲ್ಲಿ ಲ್ಯಾಪ್‌ಟಾಪು,
ಲಾಗೋಸಿನ ಡ್ರಮ್ಮು, ಸೋಲ್‌ ಹುಡುಗಿಯರ ಪಿಸುಮಾತು, ತಾತನ ಪೋಲ್ಕಾ
ಎಲ್ಲ ಒಂದೇ ಬಾಣಲೆಯಲ್ಲಿ ಹುರಿಯುವವಳು.
ಫೋನು ಮುಂದೆ ಹಿಡಿದಿದ್ದಳು. ಕೇಳಲಿಲ್ಲ.
ಆಗಿಹೋಗಿತ್ತು.

ಹೊಟ್ಟೆಯೊಳಗೆ ಚುರುಕ್ಕೆಂದಿತು, ಸುಳ್ಳೇಕೆ.
ಅದು ಅಜ್ಜನ ಕೆಮ್ಮು, ಮನೆಯ ಗುಟ್ಟು.
ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.
ಗಾದೆಯನ್ನು ಯಾವ ಭಾಷೆಗೂ ತಿರುವಲಾಗದೆ
ಬಾಯಿ ತೆರೆದು ನಿಂತೆ. ನಗುತ್ತಿದ್ದೇನೆ ಅಂದುಕೊಂಡರು.
ಆ ಪಾದ್ರಿಯೂ ಹೀಗೇ ಬಾಯಿ ತೆರೆದಿದ್ದನೋ ಏನೋ,
ಗುರುತು ಸಿಕ್ಕಿಯೇ.

ವಾರ ಬಿಟ್ಟು ಹೋದೆ.
ತಿದಿಗೆ ಹೊಸ ತೊಗಲು. ನಾಲಿಗೆಯ ಕಿಲುಬು ಕೆರೆದಾಗಿತ್ತು.
ನಿಷಾದ ಈಗ ಕರೆದ ಕೂಡಲೇ ಓಗೊಡುವ ಶಾಲೆಯ ಹುಡುಗ.
ಹೇಳಿದ್ದಕ್ಕಿಂತ ಇಪ್ಪತ್ತು ಡಾಲರು ಕಮ್ಮಿ ತೆಗೆದುಕೊಂಡ.
ಯಾಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಜುಲೈಯ ಒಂದು ಸಂಜೆ, ಕೆಂಪು ದೀಪ.
ಪಕ್ಕದಲ್ಲಿ ನೆಲಕ್ಕೆ ಹೊಟ್ಟೆ ತಾಗುವ ನೀಲಿ ಕಾರು,
ಗಾಜು ನಡುಗಿಸುವ ಡ್ರಮ್ಮು,
ಅದರ ಸಂದಿಯಲ್ಲಿ
ಒಂದು ಕೆಮ್ಮು.
ಮತ್ತೆ ನಾಲ್ಕು ಏಟಿಗೊಮ್ಮೆ ಅದೇ ಕೆಮ್ಮು.
ಹುಡುಗ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ,
ತಾಳ ತಪ್ಪಿದೆ ಅನಿಸಿತು, ಅಥವಾ ನನ್ನದೇ.

ಮನೆಯ ಪೆಟ್ಟಿಗೆಯಲ್ಲಿ ಈಗ ಆ ಕೆಮ್ಮಿಲ್ಲ.
ಕೇಳಬೇಕೆಂದರೆ ಹೀಗೆ ಸಿಗ್ನಲ್ಲಿನಲ್ಲಿ
ಗುರುತಿಲ್ಲದವರ ಕಾರಿಗೆ ಕಾಯಬೇಕು.
ಕಿಟಕಿ ಇಳಿಸಿದೆ.
ಹಸಿರು ಬಿತ್ತು.
ಹಿಂದಿನವನ ಹಾರ್ನು, ಶುದ್ಧ ಪಂಚಮ.