ಇಡುವಾಗಲೇ

ಬರ್ನೋದ ಕೊನೆಯ ಟ್ರಾಮು ಹೋದ ಮೇಲೂ
ರಾದ್ಕಾ ಅದೇ ಸಾಲಿನಲ್ಲಿದ್ದಾಳೆ.
ಲಾಗಿನ್ನಿನ ಹೊಸ್ತಿಲಲ್ಲಿ ಕೂರುವ ಪುಟ್ಟ ಮಾಡ್ಯೂಲು;
ಗುಟ್ಟೊಂದಕ್ಕೆ ಹೆಸರು ಕಟ್ಟಿ ಒಳಗಿಡಬೇಕು,
ಹೊರಗಿನವರ ಕಣ್ಣಿಗೆ ಬೀಳದಂತೆ.
ಇಡುವಾಗಲೇ ಹೇಳಬೇಕು
ಅಳಿಸುವವರು ಯಾರೆಂದು.

ಅವಳಮ್ಮ ನಾಟಕಶಾಲೆಯಲ್ಲಿ ಕೋಟು ಕಾಯುವವಳು.
ಹಿತ್ತಾಳೆ ಬಿಲ್ಲೆ ಕೊಟ್ಟು, ಕೋಟು ಇಸಿದುಕೊಂಡು,
ಯಾರ ಜೇಬಿಗೂ ಕೈ ಹಾಕದೆ
ನಲವತ್ತು ಚಳಿಗಾಲ.
ಇನ್ನೂರ ಹದಿನೇಳರ ಕೊಕ್ಕೆಯಲ್ಲಿ ಮಾತ್ರ
ಬೂದು ಕೋಟೊಂದು ತೂಗುತ್ತಲೇ ಇದೆ.
ಕೇಳಿ ಬಂದವರಿಲ್ಲ;
ಏನು ಮಾಡಬೇಕೆಂದು ಹೇಳಿ ಹೋದವರೂ ಇಲ್ಲ.

ರಾದ್ಕಾ ಬರೆಯುತ್ತಾಳೆ:
ಮೊದಲು ಸೊನ್ನೆ ತುಂಬು,
ಆಮೇಲೆ ಜಾಗ ಬಿಡು.
ಮತ್ತೊಮ್ಮೆ ಓದುತ್ತಾಳೆ. ಟೀ ಆರಿದೆ.

ಆ ಕೋಟಿನ ತೋಳು ತನಗೆ
ಎರಡು ಬೆರಳು ಉದ್ದವೆಂಬುದನ್ನು
ಅಮ್ಮನಿಗೆ ಅವಳು ಇನ್ನೂ ಹೇಳಿಲ್ಲ.